ಧ್ವನಿಮತಕ್ಕೆ ಹೆಸರಿಲ್ಲ

ನಾನು ಪತ್ರಿಕಾ ಕಚೇರಿಯಲ್ಲಿ ಮಾಡುತ್ತಿದ್ದ ಕೆಲಸ ಏನೆಂದು ಕೇಳಿದರೆ ನನ್ನ ತಂಗಿಯ ಮಕ್ಕಳಿಗೂ ಹೇಳಲು ಬರುತ್ತಿರಲಿಲ್ಲ. "ಆಂಟಿ ಪೇಪರಿನಲ್ಲಿ" ಎನ್ನುತ್ತಿದ್ದರು. ಪೇಪರಿನಲ್ಲಿ ನನ್ನ ಹೆಸರು ಒಂದು ದಿನವೂ ಬಾರದ್ದರಿಂದ ಅದನ್ನೂ ಅವರ ಗೆಳೆಯರು ನಂಬುತ್ತಿರಲಿಲ್ಲ. ಕೆಲಸ ಇಷ್ಟೇ: ವಿಧಾನಸಭೆಯಲ್ಲಿ ಮಸೂದೆ ಬಂದಾಗ ನಮ್ಮ ಕರಾವಳಿಯ ಶಾಸಕರು ಅದರ ಪರವಾಗಿ ಮತ ಹಾಕಿದರೋ ವಿರುದ್ಧವಾಗಿ ಹಾಕಿದರೋ ಎಂದು ಹುಡುಕುವುದು, ಬರೆದಿಡುವುದು, ಓದುಗರು ಕೇಳಿದಾಗ ಹೇಳುವುದು. ಕೇಳಲಿಕ್ಕೆ ಸುಲಭ. ನಾನೂ ಸುಲಭ ಎಂದುಕೊಂಡೇ ಒಪ್ಪಿದ್ದು.

ಈಗ ಆ ಕುರ್ಚಿಯಲ್ಲಿ ಕಾಟಿಪಳ್ಳದ ಶಮೀಮಾ ಇದ್ದಾಳೆ. ಅವಳ ಕೈಕೆಳಗೆ ಹೊಸಬರು ಸೇರುವವರಿದ್ದಾರಂತೆ. "ಮೇಡಂ, ನಾನು ಬಾಯಲ್ಲಿ ಹೇಳಿದರೆ ಅವರು ಮೊಬೈಲ್ ನೋಡ್ತಾ ಹೂಂ ಅಂತಾರೆ. ನೀವು ಬರೆದು ಕೊಡಿ" ಎಂದು ಗಂಟುಬಿದ್ದಳು. ಬರೆದದ್ದನ್ನೂ ಅವರು ಮೊಬೈಲಿನಲ್ಲಿಯೇ ಓದುತ್ತಾರೆ ಎಂದು ನನಗೆ ಗೊತ್ತು. ಇರಲಿ.

ನಾನು ಸೇರಿದ್ದು ಕರಡು ತಿದ್ದುವವಳಾಗಿ. ಕಾವೂರಿನ ನಮ್ಮ ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಮೂರನೆಯದನ್ನು ಪುಸ್ತಕದಿಂದಲೇ ಕಲಿತ ಕಾರಣ ಕಾಗುಣಿತ ಗಟ್ಟಿಯಾಗಿತ್ತು. ನಮ್ಮ ಸುದ್ದಿ ಸಂಪಾದಕರು ಶೇಖರಣ್ಣ. ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. ಸಂಜೆ ಚಹಾದ ಹೊತ್ತಿಗೆ ಗೋಳಿಬಜೆ ತರಿಸಿ ಎಲ್ಲರಿಗೂ ಹಂಚುವರು. ತಿನ್ನುತ್ತಲೇ ನಮ್ಮ ಪ್ರತಿಗಳನ್ನು ಓದುವರು. ಒಪ್ಪಿಗೆಯಾಗದ ವಾಕ್ಯದ ಮೇಲೆ ಬೆರಳಿಟ್ಟು ಮುಂದೆ ಹೋಗುವರು. ಎಣ್ಣೆಯ ಕಲೆ ಎಲ್ಲಿ ಬಿತ್ತೋ ಆ ವಾಕ್ಯವನ್ನು ಮತ್ತೆ ಬರೆಯಬೇಕು ಎಂದು ನಾವು ತಿಳಿದುಕೊಳ್ಳಬೇಕು.

ಒಂದು ಚುನಾವಣೆಗೆ ಮೊದಲು ಅವರಿಗೆ ಒಂದು ಯೋಚನೆ ಬಂತು. ಶಾಸಕರು ಊರಿನಲ್ಲಿ ಉದ್ಘಾಟಿಸಿದ ಬಸ್ಸು ತಂಗುದಾಣಗಳ ಚಿತ್ರ ನಾವು ವರ್ಷವಿಡೀ ಹಾಕುತ್ತೇವೆ, ಆದರೆ ಅವರನ್ನು ನಾವು ಕಳಿಸಿದ್ದು ಕಾನೂನು ಮಾಡಲಿಕ್ಕಲ್ಲವೇ, ಅಲ್ಲಿ ಅವರು ಏನು ಮಾಡಿದರು? "ಜೆಸಿಂತಾ ಬಾಯಿ, ಒಬ್ಬೊಬ್ಬರು ಯಾವ ಮಸೂದೆಗೆ ಎಂತ ಮತ ಹಾಕಿದ್ದಾರೆ ಅಂತ ಒಂದು ಪುಟ ಮಾಡುವ. ನಿಮ್ಮದು ಕಾಗುಣಿತ ಸರಿ ಉಂಟು, ತಾಳ್ಮೆಯೂ ಉಂಟು" ಎಂದರು.

ನಾನು ಬೆಂಗಳೂರಿನ ನಮ್ಮ ವರದಿಗಾರ ಗುರುರಾಜರಿಗೆ ಫೋನ್ ಮಾಡಿ, ಹಿಂದಿನ ಅಧಿವೇಶನದ ಮಸೂದೆಗಳ ಹೆಸರು ಓದಿ, ನಮ್ಮ ಶಾಸಕರು ಹೇಗೆ ಮತ ಹಾಕಿದರು ಎಂದು ಕೇಳಿದೆ. ಅವರು ಫೋನಿನಲ್ಲಿ ನಕ್ಕ ನಗು ನನಗೆ ಇವತ್ತಿಗೂ ನೆನಪಿದೆ.

"ಮೇಡಂ, ಎಲ್ಲಾ ಧ್ವನಿಮತ. ಅಷ್ಟೂ ಮಸೂದೆ ಊಟಕ್ಕೆ ಮೊದ್ಲೇ ಪಾಸಾದ್ವು. ಸಭಾಧ್ಯಕ್ಷರು, ಪರವಾಗಿರೋರು ಹೌದು ಅನ್ನಿ ಅಂದ್ರು, ಹೌದು ಅಂದ್ರು. ವಿರೋಧ ಇರೋರು ಇಲ್ಲ ಅನ್ನಿ ಅಂದ್ರು, ಇಲ್ಲ ಅಂದ್ರು. ಹೌದು ಜಾಸ್ತಿ ಕೇಳಿಸ್ತು. ಮುಗೀತು."

"ಯಾರು ಹೌದು ಅಂದದ್ದು?"

"ಅದನ್ನ ಯಾರ್ ಬರ್ಕೋತಾರೆ ಮೇಡಂ?"

ಹೊಸಬರು ಮೊದಲು ತಿಳಿಯಬೇಕಾದದ್ದು ಇದು. ಹೆಚ್ಚಿನ ಮಸೂದೆಗಳು ಹೀಗೆ ಗಂಟಲಿನ ಮೇಲೆ ಪಾಸಾಗುತ್ತವೆ, ಧ್ವನಿಗೆ ಹೆಸರಿಲ್ಲ. ಯಾರಾದರೂ ಪಟ್ಟು ಹಿಡಿದು ಮತವಿಭಜನೆ ಕೇಳಿದರೆ ಮಾತ್ರ ಬಾಗಿಲು ಮುಚ್ಚಿ, ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ, ಪರ, ವಿರುದ್ಧ, ತಟಸ್ಥ ಎಂದು ಎಣಿಸಿ ಬರೆದುಕೊಳ್ಳುತ್ತಾರೆ. ಅದು ಹಬ್ಬದಂತೆ ಅಪರೂಪಕ್ಕೆ ಬರುತ್ತದೆ. ಉಳಿದ ದಿನಗಳಲ್ಲಿ ನಿಮ್ಮ ಕೈಗೆ ಸಿಗುವುದು ಅಚ್ಚಾದ ನಡವಳಿ, ಅಂದರೆ ಸದನದಲ್ಲಿ ಆಡಿದ ಮಾತುಗಳ ದಾಖಲೆ. ನಾನು ಸೇರಿದ ಕಾಲದಲ್ಲಿ ಅದು ಅಂಚೆಯಲ್ಲಿ ಬರುವಷ್ಟರಲ್ಲಿ ಮಸೂದೆ ಹಳತಾಗಿ, ಅದರ ತಿದ್ದುಪಡಿ ಮಸೂದೆ ಬಂದಿರುತ್ತಿತ್ತು. ಎಷ್ಟೋ ಪುಟಗಳಲ್ಲಿ ಒಳ್ಳೆಯ ಜಾಗಕ್ಕೆ ಬಂದಾಗಲೇ ಕಂಸದಲ್ಲಿ "ಗೊಂದಲ" ಎಂದಿರುತ್ತಿತ್ತು. ಸದಸ್ಯರು ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗಿ ಕೂಗಾಡುತ್ತಿರುವಾಗ ಮಸೂದೆ ಪಾಸಾಗಿದೆ ಎಂದು ಅರ್ಥ.

ಶೇಖರಣ್ಣ ಹೇಳಿದ ಆ ಪುಟ ಮೊದಲ ಸಲ ಹೊರಗೆ ಬಂದದ್ದು ನಗೆಪಾಟಲಾಗಿ. ಸದನದಲ್ಲಿ ಒಂದೇ ಹೆಸರಿನ ಇಬ್ಬರು ಶೆಟ್ಟರಿದ್ದರು. ಒಬ್ಬರು ನಮ್ಮವರು, ಇನ್ನೊಬ್ಬರು ಘಟ್ಟದ ಮೇಲಿನವರು. ಪುಟ ಕಟ್ಟುವ ಗಡಿಬಿಡಿಯಲ್ಲಿ ಡೆಸ್ಕಿನವರು ಆ ಶೆಟ್ಟರ ಮಾತಿಗೆ ಈ ಶೆಟ್ಟರ ಫೋಟೋ ಹಾಕಿದರು. ಕಬ್ಬು ಬೆಳೆಗಾರರ ಮಸೂದೆಯನ್ನು ನಮ್ಮ ಶಾಸಕರು ಉಗ್ರವಾಗಿ ವಿರೋಧಿಸಿದರು ಎಂದು ಮಂಗಳೂರಿನ ಮನೆಮನೆಗೆ ಸುದ್ದಿ ಹೋಯಿತು. ಬೆಳಿಗ್ಗೆ ಬಂದ ಮೊದಲ ಫೋನು ಶಾಸಕರದ್ದೇ.

"ನನ್ನ ಕ್ಷೇತ್ರದಲ್ಲಿ ಕಬ್ಬು ಎಲ್ಲಿ ಉಂಟು ಮಾರಾಯ್ರೆ? ಜ್ಯೂಸ್ ಅಂಗಡಿಯಲ್ಲಿ ಬಿಟ್ಟರೆ ನಾನು ಕಬ್ಬು ಕಂಡದ್ದೇ ಇಲ್ಲ. ಆದರೂ ಭಾಷಣ ಒಳ್ಳೆಯದಾಗಿತ್ತು, ಯಾರದ್ದು?"

ಶೇಖರಣ್ಣ ತಿದ್ದುಪಡಿ ಹಾಕಿಸಿದರು. ಶಾಸಕರು ಮಾತ್ರ ಆ ಪುಟವನ್ನು ಕತ್ತರಿಸಿ ತಮ್ಮ ಕಚೇರಿಯಲ್ಲಿ ಇಟ್ಟುಕೊಂಡಿದ್ದರು ಎಂದು ಆಮೇಲೆ ಕೇಳಿದೆ.

ಮತ್ತೊಬ್ಬ ಶಾಸಕರು ಫೋನ್ ಮಾಡಿದ್ದು ಜಗಳಕ್ಕೆ. ಮುಖ್ಯವಾದ ಮಸೂದೆಯೊಂದು ಪಾಸಾದ ದಿನ ಅವರು ಸದನದಲ್ಲಿ ಇರಲಿಲ್ಲ ಎಂದು ನಾವು ಬರೆದಿದ್ದೆವು. "ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಉಂಟು. ನೀವು ಸುಳ್ಳು ಬರೀತೀರಾ?" ಎಂದು ಗದರಿದರು. ಸಹಿ ಇದ್ದದ್ದು ನಿಜ. ಅದೇ ದಿನ ಅವರು ಮದುವೆ ಮನೆಯಲ್ಲಿ ವರನ ಪಕ್ಕ ನಿಂತ ಫೋಟೋ ನಮ್ಮದೇ ಪತ್ರಿಕೆಯಲ್ಲಿ ಬಂದದ್ದೂ ನಿಜ. ಬೆಳಿಗ್ಗೆ ಸಹಿ ಹಾಕಿ, ವಿಮಾನ ಹತ್ತಿ, ಮಸೂದೆ ಪಾಸಾಗುವ ಹೊತ್ತಿಗೆ ಬಜ್ಪೆಯಲ್ಲಿ ಇಳಿದಿದ್ದರು. ಶೇಖರಣ್ಣ ಫೋನ್ ತೆಗೆದುಕೊಂಡು, "ಸ್ವಾಮಿ, ಸಹಿಯದ್ದೂ ಹಾಕ್ತೇವೆ, ಫೋಟೋದ್ದೂ ಹಾಕ್ತೇವೆ, ಆಗಬಹುದಾ?" ಎಂದರು. ಆಗದು ಎಂದು ಆ ಕಡೆಯಿಂದ ಫೋನ್ ಇಟ್ಟರು. ಅಂದಿನಿಂದ ನಾನು ಹಾಜರಿಯನ್ನೂ ಮತವನ್ನೂ ಒಂದೇ ಖಾನೆಯಲ್ಲಿ ಬರೆಯುವುದನ್ನು ಬಿಟ್ಟೆ.

ಇವೆಲ್ಲ ನಗುವ ಕತೆಗಳು. ಮಾಸ್ಟ್ರ ಕತೆ ಹಾಗಲ್ಲ.

ಅವರು ರಾಜಕೀಯಕ್ಕೆ ಬರುವ ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಶಾಸಕರಾದ ಮೇಲೂ ಜನ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಆಡಳಿತ ಪಕ್ಷದವರು. ಮನೆ ತೊಕ್ಕೊಟ್ಟಿನ ಪೇಟೆಯಿಂದ ಸ್ವಲ್ಪ ಒಳಗೆ. ಆ ವರ್ಷ ಸರಕಾರ ನದೀ ದಂಡೆಯ ಜಾಗಗಳನ್ನು ಅಭಿವೃದ್ಧಿಗೆ ತೆಗೆದುಕೊಳ್ಳುವ ಮಸೂದೆಯೊಂದನ್ನು ತಂದಿತು. ಅದರ ಒಂದು ಖಂಡದ ಪ್ರಕಾರ, ಅಲ್ಲಿ ದೋಣಿ ಎಳೆದಿಡುವವರ, ಬಲೆ ಒಣಗಿಸುವವರ ಅಹವಾಲು ಕೇಳಬೇಕೆಂದಿರಲಿಲ್ಲ. ಜಾಗದ ಪಟ್ಟೆ ಅವರ ಹೆಸರಿನಲ್ಲಿ ಇಲ್ಲವಲ್ಲ. ಮಸೂದೆ ಪಾಸಾಯಿತು. ಮರುದಿನ ಎಲ್ಲ ಪತ್ರಿಕೆಗಳಲ್ಲಿ, ನಮ್ಮದರಲ್ಲಿಯೂ, "ಧ್ವನಿಮತದಿಂದ ಅಂಗೀಕಾರ" ಎಂಬ ಒಂದು ಸಾಲು.

ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಮಾಸ್ಟ್ರ ಪ್ರತಿಕೃತಿ ಸುಟ್ಟರು. ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು. ನಮ್ಮನ್ನು ಮಾರಿದ ಮನುಷ್ಯನ ಮನೆ ಬಾಗಿಲಿಗೆ ಯಾರೂ ಹೋಗಕೂಡದು ಎಂದು ದೋಣಿಯವರು ಸಭೆ ಸೇರಿ ತೀರ್ಮಾನಿಸಿದರು. ಮಾಸ್ಟ್ರು ಬಾಯಿಯೇ ಬಿಡಲಿಲ್ಲ.

ನಮ್ಮ ಮನೆಗೆ ಮೀನು ತರುತ್ತಿದ್ದ ಲಲಿತಕ್ಕನ ಮನೆಯ ದೋಣಿಯೂ ತೊಕ್ಕೊಟ್ಟಿನ ಬಳಿಯ ನದೀ ದಂಡೆಯಲ್ಲಿತ್ತು. ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಸೇತುವೆ ದಾಟಿ ಕಾವೂರಿನವರೆಗೆ ಬರುವವಳು. ಅಂದು ಬಂಗುಡೆ ಎಣಿಸಿ ಹಾಕಿ, ಬುಟ್ಟಿ ತಲೆಗೇರಿಸದೆ ನಿಂತಳು.

"ಬಾಯಮ್ಮ, ನೀವು ಪೇಪರಿನಲ್ಲಿ ಅದೇ ಕೆಲಸ ಅಲ್ವಾ ಮಾಡುವುದು? ಮಾಸ್ಟ್ರು ಎಂತ ಮಾಡಿದ್ದು ಅಲ್ಲಿ? ಸರಿಯಾಗಿ ಹೇಳಿ. ಈ ಕಾನೂನಿಗೆ ಇನ್ನು ಎಂತದೋ ನಿಯಮ ಮಾಡ್ಲಿಕ್ಕೆ ಉಂಟಂತೆ. ಆಗ ನಮ್ಮ ಮಾತು ಹೇಳ್ಲಿಕ್ಕೆ ಒಬ್ಬರು ಬೇಕು. ಇವರ ಹತ್ತಿರ ಹೋಗಬಾರದು ಅಂತ ಗಂಡಸರು ಹೇಳ್ತಾರೆ. ಇವರನ್ನು ಬಿಟ್ಟರೆ ನಮಗೆ ಬೇರೆ ಯಾರುಂಟು?"

ನನಗೆ ಗೊತ್ತಿಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು. ಗೊತ್ತಿಲ್ಲದಿದ್ದರೆ ನಿನಗೆ ಸಂಬಳ ಯಾಕೆ ಎಂದು ಕೇಳಲಿಲ್ಲ, ಅಷ್ಟೇ.

ಗುರುರಾಜರನ್ನು ಹಿಡಿದೆ. ಮಸೂದೆ ಧ್ವನಿಮತದಿಂದಲೇ ಪಾಸಾದದ್ದು, ಆದರೆ ಅದಕ್ಕೆ ಮೊದಲು ಏನಾದರೂ ನಡೆಯಿತೇ ಎಂದು ಕೇಳಿದೆ. "ಹ್ಞಾ, ವಿರೋಧ ಪಕ್ಷದೋರು ಒಂದು ತಿದ್ದುಪಡಿ ತಂದ್ರು, ಅಹವಾಲು ಕೇಳ್ಬೇಕು ಅಂತ. ಮತವಿಭಜನೆ ಆಯ್ತು, ಬಿದ್ದೋಯ್ತು" ಎಂದರು, ಬಸ್ ತಡವಾಯಿತು ಎಂಬಷ್ಟು ಸಲೀಸಾಗಿ. ಬಿದ್ದುಹೋದ ತಿದ್ದುಪಡಿ ಯಾರಿಗೂ ಸುದ್ದಿಯಲ್ಲ. ಅವರ ಹಿಂದೆ ಬಿದ್ದು, ವಿಧಾನಸಭೆಯ ಸಚಿವಾಲಯದಿಂದ ಆ ಮತವಿಭಜನೆಯ ಹಾಳೆಯ ಪ್ರತಿ ತರಿಸಿಕೊಂಡೆ. ಫ್ಯಾಕ್ಸಿನಲ್ಲಿ ಬಂತು. ಆಡಳಿತ ಪಕ್ಷದವರೆಲ್ಲ ವಿರುದ್ಧ, ಪ್ರತಿಪಕ್ಷದವರೆಲ್ಲ ಪರ. ತಟಸ್ಥ ಎಂಬ ತಲೆಬರಹದ ಕೆಳಗೆ ಒಂದೇ ಹೆಸರು, ಮಾಸ್ಟ್ರದ್ದು.

ನಾನು ಕುಣಿಯುತ್ತ ಶೇಖರಣ್ಣನ ಮೇಜಿಗೆ ಹೋದೆ. ಅವರು ಹಾಳೆ ನೋಡಿ ಕುಣಿಯಲಿಲ್ಲ. ಪಕ್ಷ ವಿಪ್ ಹೊರಡಿಸಿತ್ತು. ಹೀಗೆಯೇ ಮತ ಹಾಕಬೇಕು ಎಂಬ ಲಿಖಿತ ಆಜ್ಞೆ ಅದು. ಅದನ್ನು ಮೀರಿದವರ ಶಾಸಕತ್ವವೇ ಹೋಗಬಹುದು. "ಅವರ ಪಕ್ಷದವರು ಯಾಕೆ ಸುಮ್ಮನಿದ್ದಾರೆ ಗೊತ್ತುಂಟಾ ಬಾಯಿ? ಊರಿಗೆ ಗೊತ್ತಾಗಲಿಲ್ಲ ಅಂತ. ನಾವು ಬರೆದರೆ ಅವರಿಗೂ ಸುಮ್ಮನೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ಬನ್ನಿ, ಅವರನ್ನು ಒಮ್ಮೆ ಕಾಣುವ."

ಅವರ ಸ್ಕೂಟರಿನ ಹಿಂದೆ ಕೂತು ನೇತ್ರಾವತಿ ಸೇತುವೆ ದಾಟಿದೆವು. ಮಾಸ್ಟ್ರ ಹೆಂಡತಿ ಬಾಗಿಲನ್ನು ಅಂಗೈಯಷ್ಟು ತೆರೆದು, ಯಾರೆಂದು ಕೇಳಿ, ಆಮೇಲೆ ಒಳಗೆ ಕರೆದರು. ಒಡೆದ ಕಿಟಕಿಗೆ ರಟ್ಟು ಕಟ್ಟಿತ್ತು. ಮಾಸ್ಟ್ರು ಬಡಕಲು ಮನುಷ್ಯ. ಆ ಕೆಲವು ದಿನಗಳಲ್ಲಿ ಇನ್ನಷ್ಟು ಇಳಿದಿದ್ದರು. ನಾನು ಹಾಳೆ ಮುಂದಿಟ್ಟೆ.

"ಹೌದು" ಎಂದರು. "ತಿದ್ದುಪಡಿಯ ಪರ ನಿಲ್ಲಲಿಕ್ಕೆ ಧೈರ್ಯ ಸಾಲಲಿಲ್ಲ. ವಿರುದ್ಧ ನಿಲ್ಲಲಿಕ್ಕೆ ಮನಸ್ಸು ಬರಲಿಲ್ಲ. ತಟಸ್ಥರು ಏಳಿ ಅಂದಾಗ ಎದ್ದೆ. ಸುತ್ತ ನೋಡಿದರೆ ನಾನೊಬ್ಬನೇ."

"ಕಲ್ಲು ಬಿದ್ದಾಗ ಆದರೂ ಹೇಳಬಹುದಿತ್ತಲ್ಲ?" ಎಂದರು ಅವರ ಹೆಂಡತಿ ಬಾಗಿಲ ಬಳಿಯಿಂದ. ಅವರಿಗೂ ಇದು ಹೊಸ ಸುದ್ದಿ ಎಂದು ಮುಖ ನೋಡಿದಾಗಲೇ ನನಗೆ ತಿಳಿಯಿತು.

"ಹೇಳಿದರೆ ಪಕ್ಷದವರು ಬಿಡ್ತಾರಾ? ಈಗ ಕಂಡೂ ಕಾಣದ ಹಾಗೆ ಇದ್ದಾರೆ."

ಶೇಖರಣ್ಣ ಮೆತ್ತಗೆ ಹೇಳಿದರು: "ಮಾಸ್ಟ್ರೇ, ನಾವು ಬರೆಯುವುದು ಬರೆಯುತ್ತೇವೆ. ನಿಮ್ಮ ಒಪ್ಪಿಗೆ ಕೇಳಲಿಕ್ಕೆ ಬಂದದ್ದಲ್ಲ. ಮೊದಲೇ ನಿಮಗೆ ಗೊತ್ತಿರಲಿ ಅಂತ ಬಂದದ್ದು. ಮತ್ತೆ ಒಂದು ಪ್ರಶ್ನೆ ಉಂಟು. ತಿದ್ದುಪಡಿ ಬಿದ್ದ ಮೇಲೆ ಇಡೀ ಮಸೂದೆ ಧ್ವನಿಮತಕ್ಕೆ ಬಂತಲ್ಲ, ಆಗ ನೀವು ಎಂತ ಹೇಳಿದಿರಿ?"

ಅದಕ್ಕೆ ಯಾವ ದಾಖಲೆಯೂ ಇಲ್ಲ. ಸುಮ್ಮನಿದ್ದೆ ಎಂದಿದ್ದರೂ ನಾವು ಅದನ್ನೇ ಬರೆದುಕೊಂಡು ಬರಬೇಕಿತ್ತು. ಮಾಸ್ಟ್ರು ಬಾಗಿಲ ಕಡೆ ಒಮ್ಮೆ ನೋಡಿದರು.

"ಹೌದು ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅಕ್ಕಪಕ್ಕದವರಿಗೆ ಕೇಳಲಿ ಅಂತ."

ಹಿಂದಿರುಗುವಾಗ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತ್ತು. ಸೇತುವೆಯ ಮೇಲೆ ಗಾಳಿಗೆ ಕೂಗಿ ಹೇಳಿದೆ, "ಶೇಖರಣ್ಣ, ಆ ಕೊನೆಯ ಮಾತು ಬಿಟ್ಟುಬಿಡುವಾ? ಹೇಗೂ ದಾಖಲೆ ಇಲ್ಲ."

ಅವರು ಸೇತುವೆ ದಾಟಿದ ಮೇಲೆ ಸ್ಕೂಟರ್ ಬದಿಗೆ ನಿಲ್ಲಿಸಿದರು. "ಅದು ಅವರು ಬಾಯಿಬಿಟ್ಟು ಕೊಟ್ಟದ್ದು ಬಾಯಿ. ಅದನ್ನು ಬಿಟ್ಟರೆ ಉಳಿದದ್ದನ್ನು ಯಾರು ನಂಬುವುದು?"

ಒಳಪುಟದಲ್ಲಿ ಚಿಕ್ಕ ಸುದ್ದಿಯಾಗಿ ಹಾಕಿದೆವು. ತಿದ್ದುಪಡಿಗೆ ಮಾಸ್ಟ್ರು ತಟಸ್ಥರಾಗಿದ್ದರು, ಇದು ಸದನದ ದಾಖಲೆ. ಪೂರ್ಣ ಮಸೂದೆಗೆ ಹೌದು ಎಂದರು, ಇದು ಅವರದೇ ಹೇಳಿಕೆ. ಆ ಮತಕ್ಕೆ ಹೆಸರುಗಳ ದಾಖಲೆ ಇಲ್ಲ. ನಾನು ಬರೆದಿದ್ದ "ಧೀರ" ಎಂಬ ಪದದ ಮೇಲೆ ಗೋಳಿಬಜೆಯ ಎಣ್ಣೆ ಬಿದ್ದಿತ್ತು, ತೆಗೆದೆ.

ಲಲಿತಕ್ಕ ಆ ಪುಟವನ್ನು ಮೊಮ್ಮಗಳಿಂದ ಓದಿಸಿಕೊಂಡು ಬಂದಳು. ಸಿಟ್ಟಾಗಿದ್ದಾಳೆ ಎಂದುಕೊಂಡೆ. "ಅರ್ಧ ಆದರೂ ನಮ್ಮವರು ಅಂತ ಆಯಿತಲ್ಲ ಬಾಯಮ್ಮ" ಎಂದಳು. "ಪೂರ್ತಿ ನಮ್ಮವರು ಅಂತ ಅಲ್ಲಿ ಯಾರುಂಟು?" ಗಂಡಸರು ಇನ್ನೂ ಚರ್ಚೆ ಮಾಡುತ್ತಿದ್ದಾಗ ಹೆಂಗಸರು ಒಂದು ತಂಡ ಕಟ್ಟಿಕೊಂಡು ಮಾಸ್ಟ್ರ ಮನೆಗೆ ಹೋದರು. ಅವರ ಹೆಂಡತಿ ಈ ಸಲ ಬಾಗಿಲನ್ನು ಪೂರ್ತಿ ತೆರೆದರಂತೆ.

ಪಕ್ಷ ಮಾಸ್ಟ್ರಿಗೆ ನೋಟಿಸು ಕೊಟ್ಟಿತು. ಅವರು ಹೋಗಿ ವಿವರಣೆ ಕೊಟ್ಟು ಬಂದರು. ಶಾಸಕತ್ವ ಉಳಿಯಿತು. ಮಾಸ್ಟ್ರೇ ಲಲಿತಕ್ಕನ ತಂಡವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಂತ್ರಿಗಳ ಮುಂದೆ ಕೂರಿಸಿದರು. ಕಾನೂನು ಬದಲಾಗಲಿಲ್ಲ, ಆದರೆ ಅದರ ನಿಯಮಗಳು ಬಂದಾಗ ದಂಡೆ ಬಳಸುವವರ ಅಹವಾಲು ಕೇಳಬೇಕು ಎಂಬ ಸಾಲು ಅದರಲ್ಲಿತ್ತು. ಶಾಲೆಯ ಸಭಾಂಗಣದಲ್ಲಿ ಅಹವಾಲು ಸಭೆ ನಡೆಯಿತು; ಲಲಿತಕ್ಕ ಮೈಕ್ ಹಿಡಿದವಳು ಬಿಡಲೇ ಇಲ್ಲ. ದೋಣಿ ಎಳೆದಿಡುವ ಆ ತುಂಡು ದಂಡೆಯನ್ನು ಅಧಿಕಾರಿಗಳು ಯೋಜನೆಯಿಂದ ಹೊರಗಿಟ್ಟರು. ದೋಣಿಗಳು ಇವತ್ತಿಗೂ ಅಲ್ಲಿವೆ.

ಮುಂದಿನ ಚುನಾವಣೆಯಲ್ಲಿ ಮಾಸ್ಟ್ರಿಗೆ ಟಿಕೆಟ್ ಸಿಗಲಿಲ್ಲ. ಅದಕ್ಕೆ ನಮ್ಮ ಸುದ್ದಿಯೇ ಕಾರಣವೋ ಏನೋ ಎಂದು ನನಗೆ ಬಹಳ ದಿನ ಕಸಿವಿಸಿಯಿತ್ತು. ಕೆಲವು ವರ್ಷಗಳ ನಂತರ ಕಾವೂರು ಕೆರೆಯ ಬಳಿ ಬೆಳಗಿನ ವಾಕಿಂಗಿನಲ್ಲಿ ಅವರೇ ಸಿಕ್ಕಿದರು, ಮಗಳ ಮನೆಗೆ ಬಂದಿದ್ದರು. ಮೈ ತುಂಬಿಕೊಂಡಿತ್ತು. ಕೇಳಿಯೇ ಬಿಟ್ಟೆ. "ಇರಬಹುದು" ಎಂದು ಜೋರಾಗಿ ನಕ್ಕರು. "ಈಗ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೇನೆ ಬಾಯಿ. ತಪ್ಪು ಅಂದರೆ ತಪ್ಪು, ಸರಿ ಅಂದರೆ ಸರಿ. ರಾತ್ರಿ ನಿದ್ದೆ ಬರ್ತದೆ."

ಆಮೇಲೆ ಕೆಲಸದ ಕ್ರಮವೇ ಬದಲಾಯಿತು. ನಡವಳಿಗಳು ಅಂಚೆಯ ಬದಲು ಅಂತರ್ಜಾಲದಲ್ಲಿ ಬರತೊಡಗಿದವು. ಎಂಥ ಸುಖ ಎಂದುಕೊಂಡೆ. ತೆರೆದು ನೋಡಿದರೆ ಪುಟಗಳ ಫೋಟೋ. ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗದು. ಮತ್ತೆ ಬೆರಳಿಟ್ಟು ಓದುವುದೇ. ಕಲಾಪದ ನೇರ ಪ್ರಸಾರ ಬಂದ ಮೇಲೆ ಕೂತಲ್ಲಿಯೇ ಸದನ ಕಾಣಿಸತೊಡಗಿತು, ಆದರೆ ಮತದ ಗಳಿಗೆಯಲ್ಲಿ ಕ್ಯಾಮರಾ ಸಭಾಧ್ಯಕ್ಷರ ಮುಖದ ಮೇಲೆಯೇ ಇರುತ್ತದೆ.

ನನ್ನ ನಿವೃತ್ತಿಯ ಹತ್ತಿರ, ಪ್ರಧಾನ ಕಚೇರಿಯಿಂದ ಒಬ್ಬ ಹೊಸ ಮೇಲಧಿಕಾರಿ ಬಂದರು. ಶಾಸಕರ ಮತಗಳಿಗೆ ಬಣ್ಣದ ಚಿತ್ರ ಮಾಡಬೇಕೆಂದರು: ಪರ ಎಂದರೆ ಹಸಿರು ಚುಕ್ಕಿ, ವಿರುದ್ಧ ಎಂದರೆ ಕೆಂಪು. ಧ್ವನಿಮತಕ್ಕೆ ಯಾವ ಬಣ್ಣ ಎಂದು ಕೇಳಿದೆ. ಆಡಳಿತ ಪಕ್ಷದವರಾದರೆ ಹಸಿರು ಹಾಕಿ, ಇಲ್ಲದಿದ್ದರೆ ಕೆಂಪು ಎಂದರು. ಪಕ್ಷ ನೋಡಿ ಮತ ಊಹಿಸಬಾರದು ಎಂದು ಮಾಸ್ಟ್ರಿಂದ ಕಲಿತವಳು ನಾನು, ಒಪ್ಪಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಬೂದು ಚುಕ್ಕಿ ಹಾಕಿ ಕಳಿಸಿದೆ. ಹಾಳೆ ಪೂರ್ತಿ ಬೂದು.

"ಇದೇನಿದು ಮೇಡಂ, ಬೂದಿ ಚೆಲ್ಲಿದ ಹಾಗಿದೆ?"

"ಸರ್, ಅಲ್ಲಿ ಇರುವುದೇ ಅದು."

ಒಂದು ವಾರ ಎಳೆದಾಡಿ ಕೊನೆಗೆ ಹಾಗೆಯೇ ಹಾಕಿದರು. ನಾವು ಮಾಡಿದ ಪುಟಗಳಲ್ಲಿ ಅತ್ಯಂತ ಹೆಚ್ಚು ಪತ್ರ ಬಂದದ್ದು ಅದಕ್ಕೇ. ಕಾಲೇಜಿನ ಮಕ್ಕಳು ಶಾಸಕರ ಕಚೇರಿಗೆ ಹೋಗಿ, ನಿಮ್ಮ ಬೂದು ಚುಕ್ಕಿಯ ಅರ್ಥವೇನು ಎಂದು ಕೇಳಿದರಂತೆ. ಆ ಮೇಲಧಿಕಾರಿ ನನ್ನ ಬೀಳ್ಕೊಡುಗೆಯಲ್ಲಿ ಅದನ್ನೇ ಹೇಳಿ ಹೊಗಳಿದರು. ಒಳ್ಳೆಯ ಮನುಷ್ಯ.

ಹೋದ ತಿಂಗಳು ಶಮೀಮಾ ಮನೆಗೆ ಬಂದಿದ್ದಳು. ಲ್ಯಾಪ್‌ಟಾಪ್ ತೆರೆದು ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು. ಬಾಡಿಗೆ ಮನೆಗಳ ಕುರಿತ ಒಂದು ಮಸೂದೆ, ಧ್ವನಿಮತ. ಹೌದು ಎಂಬ ದೊಡ್ಡ ಗದ್ದಲ. ಆಮೇಲೆ ಇಲ್ಲ ಎನ್ನುವವರ ಸರದಿ. ಪ್ರತಿಪಕ್ಷದವರು ಆಗಲೇ ಸಭಾತ್ಯಾಗ ಮಾಡಿದ್ದರಿಂದ ಸದನ ಮೌನವಾಗಿರಬೇಕಿತ್ತು. ಆದರೆ ಒಂದು "ಇಲ್ಲ" ಕೇಳಿಸಿತು. ಒಂಟಿ ಧ್ವನಿ, ಪ್ರತಿ ಅಕ್ಷರ ಬಿಡಿಸಿ ಹೇಳುವ ನಮ್ಮ ಕಡೆಯ ಉಚ್ಚಾರ.

"ಯಾರು ಅಂತ ಗೊತ್ತಾಯ್ತಾ ಮೇಡಂ? ನನಗೆ ಗ್ಯಾರಂಟಿ ಉಂಟು. ಬರೀಲಾ?"

ನನಗೂ ಗ್ಯಾರಂಟಿ ಇತ್ತು. ಆ ಶಾಸಕರ ಭಾಷಣಗಳನ್ನು ಎಷ್ಟು ಕೇಳಿಲ್ಲ ನಾನು. "ಗ್ಯಾರಂಟಿ ಇದ್ದರೆ ಫೋನ್ ಮಾಡಿ ಕೇಳು. ಸ್ಪೀಕರ್ ಹಾಕು" ಎಂದೆ.

ಫೋನ್ ಬಹಳ ಹೊತ್ತು ರಿಂಗಾಯಿತು. ಎತ್ತಿದವರು ಅವರೇ. ಶಮೀಮಾ ತನ್ನ ಪರಿಚಯ ಹೇಳಿ, ಮಸೂದೆಯ ಹೆಸರು ಹೇಳಿ, ಆ ಇಲ್ಲ ಎಂಬ ಧ್ವನಿ ನಿಮ್ಮದಾ ಸಾರ್ ಎಂದು ಕೇಳಿದಳು.

"ನಾನೇ ಮಾರಾಯ್ತಿ" ಎಂದರು. "ಅಷ್ಟು ಜೋರಾಗಿ ಹೇಳಿದೆ. ಪಕ್ಷದವರು ಕೇಳಲಿಲ್ಲ, ಪೇಪರಿನವರು ಕೇಳಲಿಲ್ಲ. ಇಷ್ಟು ದಿನ ಯಾರೂ ಕೇಳಲೇ ಇಲ್ಲ."

"ಬರೀಬಹುದಾ ಸಾರ್?"

"ಬರಿ ಬರಿ. ಕೇಳಿದ್ದೀಯಲ್ಲ."

ಶಮೀಮಾ ಬರೆದುಕೊಂಡಳು: ಧ್ವನಿಮತ, ಹೆಸರುಗಳ ದಾಖಲೆ ಇಲ್ಲ, ವಿರೋಧಿಸಿದ್ದಾಗಿ ಶಾಸಕರ ಹೇಳಿಕೆ. ನಾನು ಚಹಾ ಇಡಲು ಎದ್ದೆ. ಹಾಲು ಉಕ್ಕುವ ಮೊದಲೇ ಅವಳ ಧ್ವನಿ ಮತ್ತೆ ಕೇಳಿಸಿತು. ಪಕ್ಕದ ಕ್ಷೇತ್ರದ ಶಾಸಕರಿಗೆ ಫೋನ್ ಹಚ್ಚಿದ್ದಳು. "ಸಾರ್, ಮೊನ್ನೆಯ ಮಸೂದೆಗೆ ನೀವು ಎಂತ ಹೇಳಿದ್ದು?" ಎಂದು ಕೇಳುತ್ತಿದ್ದಳು.